ಕಡಿಮೆ ಖರ್ಚಿನಲ್ಲಿ ಅಂಗ್ಕೋರ್: ಒಬ್ಬ ಬ್ಯಾಂಕಿನವನ ಜಮಾ-ಖರ್ಚು

ಬ್ಯಾಂಕಿನವರಿಗೂ ಪ್ರವಾಸಕ್ಕೂ ಹಳೆಯ ನಂಟು ನೋಡಿ. ಎರಡು ವರ್ಷಕ್ಕೊಮ್ಮೆ ಸ್ವಂತ ಊರಿಗೆ, ಇಲ್ಲವೇ ನಾಲ್ಕು ವರ್ಷಕ್ಕೊಮ್ಮೆ ದೇಶದ ಯಾವ ಮೂಲೆಗಾದರೂ ಹೋಗಿಬರಲು ನಮಗೆ ಎಲ್‌ಎಫ್‌ಸಿ ಅಂತ ಒಂದು ಸೌಲಭ್ಯ. ಅದರಲ್ಲೇ ಜಾಣತನ ತೋರಿಸಿದವರೂ ಉಂಟು. ದೆಹಲಿಯಿಂದ ಮದುರೈಗೆ ಹೋಗಿ, ಅಲ್ಲಿಂದ ಕೊಲಂಬೋ, ಕೌಲಾಲಂಪುರ, ಸಿಂಗಪುರ ಸುತ್ತಿ ದೆಹಲಿಗೆ ಮರಳಿದ ಬಿಲ್ಲೊಂದು ಸುಪ್ರೀಂ ಕೋರ್ಟಿನ ತನಕ ಹೋಯಿತು! ನಡುವೆ ವಿದೇಶ ಸುತ್ತಿ ಬಂದ ಪ್ರಯಾಣಕ್ಕೆ ಆದಾಯ ತೆರಿಗೆ ವಿನಾಯಿತಿ ಇಲ್ಲ ಅಂತ 2022ರ ನವೆಂಬರ್ 4ರಂದು ತೀರ್ಪು ಬಂತು. ಅಂದಮೇಲೆ ವಿದೇಶದ ದೇವಾಲಯ ನೋಡಬೇಕೆಂದರೆ ಸ್ವಂತ ಜೇಬಿಗೇ ಕೈ ಹಾಕಬೇಕು.

ಇದನ್ನು ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಿವೃತ್ತಿ ಹತ್ತಿರ ಬಂದ ನನ್ನ ಓರಗೆಯವರೆಲ್ಲ ಕೇಳುವ ಪ್ರಶ್ನೆ ಒಂದೇ. "ನೀವು ಕಾಂಬೋಡಿಯಾಕ್ಕೆ ಹೋಗಿ ಬಂದಿರಲ್ಲ, ಅಷ್ಟು ದುಡ್ಡು ಸುರಿದದ್ದಕ್ಕೆ ಸಾರ್ಥಕ ಆಯಿತೇ?" ನಮ್ಮಂಥವರಿಗೆ ಇಂಥ ಯಾತ್ರೆ ಜೀವಮಾನದಲ್ಲಿ ಒಂದು ಸಲ. ಮೊಣಕಾಲು ಗಟ್ಟಿ ಇರುವಾಗ ದುಡ್ಡಿರುವುದಿಲ್ಲ, ದುಡ್ಡು ಬಂದಾಗ ಮೊಣಕಾಲು ಕೈ ಕೊಟ್ಟಿರುತ್ತದೆ. ಅದಕ್ಕೇ ಲೆಕ್ಕ ಒಪ್ಪಿಸುತ್ತಿದ್ದೇನೆ.

ಮೊದಲು ಖರ್ಚಿನ ಪುಟ. ಅಂಗ್ಕೋರಿನ ಟಿಕೆಟ್ ದರ 2017ರ ಫೆಬ್ರುವರಿಯ ತನಕ ಒಂದು ದಿನಕ್ಕೆ 20 ಡಾಲರ್, ಮೂರು ದಿನಕ್ಕೆ 40, ಏಳು ದಿನಕ್ಕೆ 60 ಇತ್ತು. ಆ ತಿಂಗಳಿಂದ ಅದು 37, 62, 72 ಆಯಿತು. ಅದರಲ್ಲಿ 2 ಡಾಲರ್ ಕಾಂತ ಬೋಫಾ ಮಕ್ಕಳ ಆಸ್ಪತ್ರೆಗಳಿಗೆ ಹೋಗುತ್ತದೆ ಎನ್ನುವುದೊಂದು ಸಮಾಧಾನ. ನಾನೂ ನನ್ನಾಕೆಯೂ ಹೋದದ್ದು 2018ರ ಕೊನೆಯಲ್ಲಿ. ಡಾಲರಿಗೆ ಸುಮಾರು 70 ರೂಪಾಯಿ. ಇಬ್ಬರ ಮೂರು ದಿನದ ಟಿಕೆಟ್ಟಿಗೇ ಎಂಟೂವರೆ ಸಾವಿರ ದಾಟಿತು. ತಲೆಗೆ 30 ಡಾಲರಿನಂತೆ ವೀಸಾ ಬೇರೆ. ಅಗ್ಗದ ವಿಮಾನದಲ್ಲಿ ಕೈಚೀಲಕ್ಕೆ 7 ಕಿಲೋ ಮಿತಿ. ಚಟ್ನಿಪುಡಿ, ಅವಲಕ್ಕಿ, ಖಡಕ್ ರೊಟ್ಟಿ ಎಲ್ಲ ತೂಗಿ ತೂಗಿ ಇಟ್ಟೆವು. ಅದನ್ನು ಬಿಡುವ ಹಾಗೂ ಇಲ್ಲ. ಅಲ್ಲಿನ ಅಡುಗೆಯಲ್ಲಿ ಮೀನಿನ ರಸ ಎಲ್ಲಿ ಸೇರಿರುತ್ತದೆ ಅಂತ ಹೇಳುವುದು ಕಷ್ಟ.

ತೊಂದರೆಗಳು ಇನ್ನೂ ಇವೆ. ಹಿಂದೆಲ್ಲ ಕಾಸು ಉಳಿಸುವವರು ಬ್ಯಾಂಕಾಕಿನಿಂದ ಬಸ್ಸಿನಲ್ಲಿ ಪೊಯಿಪೆಟ್ ಗಡಿ ದಾಟಿ ಹೋಗುತ್ತಿದ್ದರು. 2025ರ ಜೂನ್‌ನಲ್ಲಿ ಆ ಗಡಿ ಮುಚ್ಚಿತು, ಜುಲೈನಲ್ಲಿ ಎರಡು ದೇಶಗಳ ನಡುವೆ ಕಾದಾಟವೇ ಆಯಿತು. ಹೊರಡುವ ಮುಂಚೆ ಪರಿಸ್ಥಿತಿ ವಿಚಾರಿಸಿಕೊಳ್ಳಿ. ಸಿಯೆಮ್ ರೀಪ್ ಪೇಟೆಗೆ ಹತ್ತಿರವಿದ್ದ ಹಳೆಯ ವಿಮಾನ ನಿಲ್ದಾಣವೂ 2023ರ ಅಕ್ಟೋಬರ್‌ನಲ್ಲಿ ದೂರಕ್ಕೆ ಹೋಗಿ, ಟ್ಯಾಕ್ಸಿ ಖರ್ಚು ಹೆಚ್ಚಿದೆ.

ಇನ್ನು ಜಮಾ ಪುಟ. ಅಂಗ್ಕೋರ್ ವಾಟ್ ಕಟ್ಟಿಸಿದ ಎರಡನೆಯ ಸೂರ್ಯವರ್ಮ ಪಟ್ಟಕ್ಕೆ ಬಂದದ್ದು 1113ರಲ್ಲಿ. ನಮ್ಮ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಒಂದೇ ಕಾಲ, ಎರಡೂ ವಿಷ್ಣುವಿನ ಗುಡಿ! ಅಂಗ್ಕೋರ್ ವಾಟ್‌ನ ಪಶ್ಚಿಮದ ಪಡಸಾಲೆಯಲ್ಲಿ ಒಂದು ಕಡೆ ಕುರುಕ್ಷೇತ್ರ, ಇನ್ನೊಂದು ಕಡೆ ಲಂಕೆಯ ಯುದ್ಧ. ಪೂರ್ವದಲ್ಲಿ ಸುಮಾರು 49 ಮೀಟರ್ ಉದ್ದಕ್ಕೂ ಸಮುದ್ರ ಮಥನ. ನಮ್ಮ ಪಕ್ಕದಲ್ಲೇ ಬೇರೆ ದೇಶದವರು ಗೈಡಿನ ಮಾತನ್ನು ಬರೆದುಕೊಳ್ಳುತ್ತಿದ್ದರೆ ನನ್ನಾಕೆ ನೇರವಾಗಿ ಬೆರಳು ತೋರಿಸಿ, "ಅಗೋ ಭೀಷ್ಮ, ಶರಶಯ್ಯೆ ಮೇಲೆ ಮಲಗಿದಾನೆ" ಅಂದಳು. ಊರಲ್ಲಿ ಗದುಗಿನ ಭಾರತದ ವಾಚನ ಕೇಳಿ ಬೆಳೆದವಳು. ಆ ಗೋಡೆಯ ಮುಂದೆ ನಮಗೆ ಗೈಡಿನ ಫೀ ಉಳಿಯಿತು.

ಇನ್ನೊಂದು ಸಂಗತಿ ನನ್ನಂಥ ಬಿ.ಕಾಂ.ನವನಿಗೆ ಬಹಳ ಹಿಡಿಸಿತು. ಖ್ಮೇರ್ ಶಾಸನಗಳಲ್ಲಿ ಕಾಲ ಹಾಕುವುದು ಶಕವರ್ಷದಲ್ಲಿ. ನಮ್ಮ ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿ ಬರೆಸಿದ್ದು ಶಕ 465, ಅಂದರೆ ಕ್ರಿ.ಶ. 543. ಕಾಂಬೋಡಿಯಾದ ಸಾಂಬೋರ್ ಎಂಬಲ್ಲಿ ಸಿಕ್ಕ ಒಂದು ಕಲ್ಲಿನಲ್ಲಿ ಶಕ 605 ಅಂತಿದೆ, ಕ್ರಿ.ಶ. 683. ಆ 605ರ ನಡುವಿನ ಸೊನ್ನೆ ಒಂದು ಚುಕ್ಕೆ. ಕಾಲ ನಮೂದಾದ ಶಾಸನಗಳಲ್ಲಿ ಸೊನ್ನೆ ಕಾಣಿಸುವ ಅತಿ ಹಳೆಯವುಗಳಲ್ಲಿ ಅದೂ ಒಂದು. ದಿನವಿಡೀ ಸೊನ್ನೆ ಎಣಿಸುವ ನಮ್ಮ ಕಸುಬಿನವರಿಗೆ ಅದೂ ಒಂದು ಕ್ಷೇತ್ರವೇ ಸರಿ!

ಈ ಕೊಡು-ಕೊಳ್ಳುವಿಕೆ ರಾಜರಿಂದಲೇ ಆದದ್ದಲ್ಲ, ವ್ಯಾಪಾರಿಗಳಿಂದಲೂ ಆದದ್ದು. ಐಹೊಳೆಯ ಹೆಸರು ಹೊತ್ತ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕರ ಸಂಘ ನಿಮಗೆ ಗೊತ್ತಿರಬಹುದು. ಸುಮಾತ್ರಾದ ಬಾರುಸ್ ಬಳಿ 1088ರ ಒಂದು ತಮಿಳು ಶಾಸನದಲ್ಲಿ ಈ ಐನೂರ್ವರ ಹೆಸರಿದೆ. ಗಾಳಿಯ ದಿಕ್ಕು ಕಾದು, ತಿಂಗಳುಗಟ್ಟಲೆ ಹಡಗಿನಲ್ಲಿ ಕೂತು ಹೋದವರು ಅವರು. ಇನ್ನು ನಮ್ಮ ಕಾಲದಲ್ಲಿ, ಕಾಂಬೋಡಿಯಾದ ಅಂತರ್ಯುದ್ಧ ಪೂರಾ ಮುಗಿಯುವ ಮೊದಲೇ, ಭಾರತದ ಪುರಾತತ್ವ ಇಲಾಖೆಯವರು 1986ರಿಂದ 1993ರ ತನಕ ಅಂಗ್ಕೋರ್ ವಾಟ್ ದುರಸ್ತಿ ಮಾಡಿದರು. ಅವರೆಲ್ಲರ ಮುಂದೆ ನಮ್ಮ 7 ಕಿಲೋ ಕಷ್ಟ ಯಾವ ಲೆಕ್ಕ?

ಹಾಗಾದರೆ ಹೋಗಬೇಕೋ ಬೇಡವೋ? ಹೋಗಿ. ಆದರೆ ಮೊದಲು ಪುಣೆಯ ಜಂಗ್ಲಿ ಮಹಾರಾಜ್ ರಸ್ತೆಗೆ ಹೋಗಿ ಅಂತೀನಿ ನಾನು. ನಗಬೇಡಿ. ಅಲ್ಲಿರುವ ಪಾತಾಳೇಶ್ವರ ಎಂಟನೆಯ ಶತಮಾನದ್ದು, ರಾಷ್ಟ್ರಕೂಟರ ಕಾಲದ್ದು. ಒಂದೇ ಬಂಡೆ ಕೊರೆದು ಮಾಡಿದ ಗುಡಿ, ಎದುರಿಗೆ ದುಂಡನೆಯ ನಂದಿಮಂಟಪ, ಅಲ್ಲಲ್ಲಿ ಅರ್ಧಕ್ಕೇ ನಿಂತ ಕೆಲಸ. ಪುಣೆ ಜಿಲ್ಲೆಯ ತಳೇಗಾಂವ್‌ನಲ್ಲಿ ಸಿಕ್ಕ ಕ್ರಿ.ಶ. 768ರ ತಾಮ್ರಪಟದಲ್ಲಿ 'ಪೂನಕ ವಿಷಯ' ಅಂತ ಬರುತ್ತದೆ. ಪುಣೆಯ ಹೆಸರಿನ ಅತಿ ಹಳೆಯ ದಾಖಲೆಗಳಲ್ಲಿ ಅದೂ ಒಂದು. ಅದನ್ನು ಕೊಟ್ಟವನು ರಾಷ್ಟ್ರಕೂಟ ಒಂದನೆಯ ಕೃಷ್ಣ, ಎಲ್ಲೋರದ ಕೈಲಾಸದ ಜೊತೆ ಹೆಸರು ಸೇರಿಕೊಂಡಿರುವ ಅದೇ ಕೃಷ್ಣ. "ನೀವು ಕನ್ನಡದವರು ಇಲ್ಲಿಗೆ ಯಾವಾಗ ಬಂದಿರಿ?" ಅಂತ ಯಾರಾದರೂ ಕೇಳಿದರೆ ನಮ್ಮ ಮಕ್ಕಳಿಗೆ ಹೇಳಲು ಇದೊಂದು ಉತ್ತರವಾದರೂ ಗೊತ್ತಿರಲಿ.

ಎಲ್ಲೋರಕ್ಕೆ ಎಸ್‌ಟಿ ಬಸ್ಸುಂಟು, ಮಂಗಳವಾರ ಮಾತ್ರ ರಜೆ. 2018ರಲ್ಲಿ ನಿಗದಿಯಾದ ದರ ನಮಗೆ 40 ರೂಪಾಯಿ, ವಿದೇಶಿಯರಿಗೆ 600. ಅಂಗ್ಕೋರಿನಲ್ಲಿ ಕಾಂಬೋಡಿಯಾದವರಿಗೆ ಪುಕ್ಕಟೆ, ನಮಗೆ ಡಾಲರ್. ಅಲ್ಲಿ ಗೊಣಗುವ ಮುಂಚೆ ಇದೂ ನೆನಪಿರಲಿ.

ನನ್ನ ಅನುಭವದ ಸಾರ ಇಷ್ಟೆ. ಹೋಟೆಲಿನಲ್ಲಿ ಉಳಿಸಿ, ಊಟದಲ್ಲಿ ಉಳಿಸಿ, ಆದರೆ ದಿನಗಳಲ್ಲಿ ಉಳಿಸಬೇಡಿ. ಐದು ರಾತ್ರಿಯಲ್ಲಿ ಮೂರು ದೇಶ ತೋರಿಸುವ ಪ್ಯಾಕೇಜಿನಲ್ಲಿ ಅಂಗ್ಕೋರಿಗೆ ಸಿಗುವುದು ಅರ್ಧ ದಿನ, ಉಳಿಯುವುದು ಬರೀ ಫೋಟೋ. 62 ಡಾಲರಿನ ಟಿಕೆಟ್ಟಿನ ಮೂರು ದಿನಗಳನ್ನು ಹತ್ತು ದಿನದೊಳಗೆ ಬಿಡಿಬಿಡಿಯಾಗಿ ಬಳಸಬಹುದು. ಬೆಳಿಗ್ಗೆ ನೋಡಿ, ಮಧ್ಯಾಹ್ನ ಮಲಗಿ, ಒಂದು ದಿನ ಬಿಟ್ಟು ಮತ್ತೆ ಹೋಗಿ, ಮೊಣಕಾಲಿಗೂ ಒಳ್ಳೆಯದು. ಮಂಚಿತವಾಗಿ ಓದಿಕೊಂಡು ಹೋಗುವುದಕ್ಕಂತೂ ದುಡ್ಡೇ ಬೇಡ. ಪಾತಾಳೇಶ್ವರ, ಎಲ್ಲೋರ, ಬೇಲೂರು ನೋಡಿದ ಕಣ್ಣಿಗೆ ಅಂಗ್ಕೋರ್ ಪರದೇಶ ಅನ್ನಿಸುವುದಿಲ್ಲ. ಏನೂ ನೋಡದೆ ಹೋದವರಿಗೆ ಅದು ದುಬಾರಿ ಕಲ್ಲಿನ ರಾಶಿ.

ನಿಮ್ಮಲ್ಲಿ ಯಾರಾದರೂ ಹೊರಟಿದ್ದರೆ, ಮುಂದಿನ ಭಾನುವಾರ ಬೆಳಿಗ್ಗೆ ಮಕ್ಕಳನ್ನೂ ಕರೆದುಕೊಂಡು ಪಾತಾಳೇಶ್ವರದ ಮೆಟ್ಟಿಲು ಇಳಿದು ಬನ್ನಿ. ಏನಂತೀರಿ?