ಮಾಚಿಕಾಯಿ: ಮರದ ಗಂಟು ಮಸಿಯಾದ ಕಥೆ



ಗ್ರಂಥಿಗೆ ಅಂಗಡಿಯಲ್ಲಿ ದೊರೆಯುವ ಮಾಚಿಕಾಯಿಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಮನೆಯ ಹಿರಿಯರು ಅದನ್ನು ಕಲ್ಲಿನ ಮೇಲೆ ತೇಯ್ದು ಎಳೆಮಕ್ಕಳಿಗೆ ನೆಕ್ಕಿಸುತ್ತಿದ್ದರು. ಹೆಸರಿನಲ್ಲಿ ಕಾಯಿ ಇದ್ದರೂ ಅದು ಕಾಯಿಯಲ್ಲ. ತುರ್ಕಿ, ಸಿರಿಯಾ, ಇರಾನ್ ಕಡೆಯ ಓಕ್ ಮರದ ಮೊಗ್ಗಿನಲ್ಲಿ ಒಂದು ಪುಟ್ಟ ಕಣಜ ಮೊಟ್ಟೆಯಿಡುತ್ತದೆ. ಮರಿಹುಳುವಿನ ಸುತ್ತ ಮರದ ಅಂಗಾಂಶ ಉಬ್ಬಿ ಗಟ್ಟಿಯಾದ ಗಂಟಾಗುತ್ತದೆ. ಕಣಜವು ಕೊರೆದು ಹೊರಬಂದ ಮೇಲೆ ಒಂದು ಸಣ್ಣ ರಂಧ್ರ ಉಳಿಯುತ್ತದೆ. ರಂಧ್ರವಿಲ್ಲದ ಗಂಟಿನಲ್ಲಿ ಒಗರು, ಅಂದರೆ ಟ್ಯಾನಿನ್, ಹೆಚ್ಚು. ಅದಕ್ಕೇ ಬೆಲೆಯೂ ಹೆಚ್ಚು.

ಈ ಗಂಟನ್ನು ಜಜ್ಜಿ ನೀರಿನಲ್ಲಿ ನೆನೆಸಿ, ಅನ್ನಭೇದಿಯನ್ನೂ ಗೋಂದನ್ನೂ ಬೆರೆಸಿದರೆ ಮಸಿ ಸಿದ್ಧ. ಬರೆಯುವಾಗ ತೆಳುವಾಗಿ ಕಾಣುವ ಅಕ್ಷರ ಗಾಳಿ ತಾಗಿದಂತೆ ಕಪ್ಪಾಗುತ್ತದೆ. ಕಾಡಿಗೆಯ ಮಸಿಯನ್ನು ನೀರಿನಿಂದ ತೊಳೆಯಬಹುದು. ಇದು ಚರ್ಮಪತ್ರದೊಳಕ್ಕೆ ಇಳಿದು ಕುಳಿತುಬಿಡುತ್ತದೆ. 4ನೆಯ ಶತಮಾನದ ಗ್ರೀಕ್ ಬೈಬಲ್ ಹಸ್ತಪ್ರತಿಯಾದ ಕೋಡೆಕ್ಸ್ ಸೈನಾಯಿಟಿಕಸ್, ಇಂಗ್ಲೆಂಡಿನ 1215ರ ಮ್ಯಾಗ್ನಾ ಕಾರ್ಟಾ, ಎರಡೂ ಇಂತಹ ಮಸಿಯಲ್ಲಿ ಬರೆದವು. ನಮ್ಮ ನಾಡಿನ ಲಿಪಿಕಾರರಿಗೆ ಇದರ ಅಗತ್ಯ ಬೀಳಲಿಲ್ಲ. ಅವರು ತಾಳೆಗರಿಯ ಮೇಲೆ ಕಂಠದಿಂದ ಕೊರೆದು, ಗೀರುಗಳಿಗೆ ಕಾಡಿಗೆ ತುಂಬುತ್ತಿದ್ದರು.

ಸೋಜಿಗವೆಂದರೆ, ಶತಮಾನಗಳ ಕಾಲ ಈ ಮಸಿಯಲ್ಲಿ ಬರೆದ ಪಂಡಿತರಿಗೆ ಗಂಟಿನ ಹುಟ್ಟು ತಿಳಿದಿರಲಿಲ್ಲ. ಕೊಳೆತ ಮಾಂಸದಲ್ಲಿ ಹುಳು ತಾನಾಗಿ ಹುಟ್ಟುವುದಿಲ್ಲವೆಂದು 1668ರಲ್ಲಿ ತೋರಿಸಿದ ಇಟಲಿಯ ಫ್ರಾನ್ಸೆಸ್ಕೊ ರೆಡಿಯಂತಹವರೇ, ಗಂಟಿನೊಳಗಿನ ಹುಳುವನ್ನು ಮಾತ್ರ ಮರವೇ ಹೆರುತ್ತದೆಂದು ನಂಬಿದ್ದರು. ಅದು ಕೀಟದ ಮೊಟ್ಟೆಯಿಂದ ಬಂದದ್ದೆಂದು 1679ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಿವರಿಸಿದವರು ಬೊಲೋನಾದ ವೈದ್ಯ ಮಾರ್ಚೆಲ್ಲೊ ಮಾಲ್ಪೀಗಿ. ಅವರು ಗಂಟುಗಳನ್ನು ಸೀಳಿ, ಮೊಟ್ಟೆಯಿಡುವ ಕೀಟವನ್ನು ಕಣ್ಣಾರೆ ಕಂಡಿದ್ದರು.

ಅಕ್ಷರವನ್ನು ಉಳಿಸಿದ ಈ ಮಸಿಯೇ ಕಾಗದಕ್ಕೆ ಶತ್ರುವೂ ಆಯಿತು. ಅದರಲ್ಲಿ ಹುಟ್ಟುವ ಗಂಧಕಾಮ್ಲ ಕಾಗದವನ್ನು ನಿಧಾನವಾಗಿ ತಿನ್ನುತ್ತದೆ. 1750ರಲ್ಲಿ ತೀರಿಕೊಂಡ ಸಂಗೀತಕಾರ ಬಾಖ್ ಅವರ ಹಸ್ತಪ್ರತಿಗಳಲ್ಲಿ ಸ್ವರಚಿಹ್ನೆಗಳಿದ್ದ ಜಾಗದಲ್ಲೇ ಕಾಗದ ತೂತಾಗಿದೆ. ಬರ್ಲಿನ್ನಿನ ಗ್ರಂಥಾಲಯದವರು ಅವುಗಳನ್ನು ಉಳಿಸಲು ಬಹಳ ಶ್ರಮಪಟ್ಟಿದ್ದಾರೆ.

ಹಿಂದಿನ ಕಾಲದ ನೀಲಿ-ಕಪ್ಪು ಶಾಯಿಗಳಲ್ಲಿ ಅನೇಕವು ಇದೇ ಕುಲದವು. ಆದ್ದರಿಂದ ನಿಮ್ಮ ಮನೆಯ ಹಳೆಯ ಕ್ರಯಪತ್ರಗಳಲ್ಲಿ, ಹಿರಿಯರ ಕಾಗದಗಳಲ್ಲಿ ಅಕ್ಷರ ಕಂದುಬಣ್ಣಕ್ಕೆ ತಿರುಗಿ ಅದರ ಗುಂಟ ಕಾಗದ ಬಿರಿಯುತ್ತಿದ್ದರೆ ಮತ್ತೆ ಮತ್ತೆ ಮಡಿಸಬೇಡಿ, ತೇವ ತಾಗಿಸಬೇಡಿ. ಇಂದೇ ಅದರ ಛಾಯಾಪ್ರತಿಯನ್ನೂ ತೆಗೆದಿಡಿ. ಮಸಿ ಬಹುಕಾಲ ಉಳಿದೀತು. ಅದನ್ನು ಹೊತ್ತ ಕಾಗದ ಉಳಿಯಲಾರದು.