ಎಲೆಬಳ್ಳಿ ಸತ್ತರೆ ಯಾರ ದೋಷ?

1967ರ ಮಹಾಜನ ವರದಿ ಅಕ್ಕಲಕೋಟೆಯನ್ನೂ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಕನ್ನಡನಾಡಿಗೆ ಸೇರಿಸಬೇಕೆಂದಿತು. ಎರಡೂ ಹೊರಗೇ ಉಳಿದವು. ಈ ಎರಡು ಗಡಿಗಳಿಗೆ ಇನ್ನೊಂದು ನಂಟೂ ಇದೆ. ನಮ್ಮ ಸೊಲ್ಲಾಪುರ ಸೀಮೆಯ ವೀಳ್ಯದೆಲೆ, ನೀವು ಒಳ್ಳೆಮೆಣಸೆನ್ನುವ ಕರಿಮೆಣಸು ಒಂದೇ ಕುಲದ ಬಳ್ಳಿಗಳು. ಸಾಯುವ ರೀತಿಯೂ ಒಂದೇ. ಹಸಿರಾಗಿದ್ದ ಬಳ್ಳಿ ಕೆಲವೇ ದಿನಗಳಲ್ಲಿ ಜೋತುಬಿದ್ದು ಒಣಗುತ್ತದೆ.

ಹಿಂದೆ ಎಲೆತೋಟಕ್ಕೆ ಮೆಟ್ಟು ಬಿಟ್ಟೇ ಹೋಗಬೇಕಿತ್ತು. ಮುಟ್ಟಾದ ಹೆಂಗಸರು ಕಾಲಿಡುವಂತಿರಲಿಲ್ಲ. ಬಳ್ಳಿ ಸತ್ತರೆ ದೋಷವೆಲ್ಲ ಅವರ ತಲೆಗೆ. ಸಾಲ ಕೇಳಲು ಬ್ಯಾಂಕಿಗೆ ಬಂದ ಹಿರಿಯ ರೈತರ ಬಾಯಲ್ಲೂ ಈ ಮಾತನ್ನು ಕೇಳಿದ್ದೇನೆ.

ವಯನಾಡಿನ ಮೆಣಸಿನ ರೋಗವನ್ನು ಬಟ್ಲರ್ ಎಂಬ ವಿಜ್ಞಾನಿ 1906ರಷ್ಟು ಹಿಂದೆಯೇ ಪರಿಶೀಲಿಸಿದ್ದರು. ಕೇರಳದ ಮೆಣಸುಬಳ್ಳಿಯಲ್ಲಿ ಫೈಟಾಫ್ತೊರ ಎಂಬ ಶಿಲೀಂಧ್ರದಂಥ ಜೀವಿ ಪತ್ತೆಯಾದದ್ದು 1966ರಲ್ಲಿ. ವೀಳ್ಯದೆಲೆಯ ಸೊರಗಿಗೂ ಅದೇ ಕುಲದ ಜೀವಿಯೇ ಕಾರಣ. ಅದರ ಬೀಜಾಣುಗಳು ನಿಂತ ನೀರಿನಲ್ಲಿ ಈಜಿ ಬೇರನ್ನೂ ಬುಡವನ್ನೂ ಹಿಡಿಯುತ್ತವೆ. ಬುಡ ಕೊಳೆಯುವವರೆಗೆ ಮೇಲಿನ ಎಲೆ ಹಸಿರಾಗಿಯೇ ಇರುತ್ತದೆ. ಕೆಸರು ಮೆತ್ತಿದ ಮೆಟ್ಟು, ಗುದ್ದಲಿಗಳೂ ರೋಗವನ್ನು ಒಯ್ಯುತ್ತವೆ.

ಎಂದರೆ ಮೆಟ್ಟು ಬಿಡುವ ಕಟ್ಟಳೆಯಲ್ಲಿ ಹುರುಳಿತ್ತು. ಹೆಣ್ಣನ್ನು ತಡೆದ ಕಟ್ಟಳೆಯಲ್ಲಿ ಇರಲಿಲ್ಲ. ನೀರು ಬಸಿಯಲು ಕಾಲುವೆ ತೆಗೆಯಿರಿ, ಸತ್ತ ಬಳ್ಳಿಯನ್ನು ಬೇರುಸಹಿತ ಕಿತ್ತು ಸುಡಿರಿ, ಮಳೆಗೆ ಮುಂಚೆ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸಿರಿ. ತೋಟದ ಬಾಗಿಲು ಮನೆಯ ಹೆಣ್ಣುಮಕ್ಕಳಿಗೂ ತೆರೆದಿರಲಿ.