ಮೇಧಾವರ್ಧಕದ ಸೀಸೆ ಮತ್ತು ಅದರ ಮೇಲಿನ ಬರಹ



ಪರೀಕ್ಷೆಯ ದಿನಗಳು ಸಮೀಪಿಸಿದವೆಂದರೆ ಔಷಧದ ಅಂಗಡಿಗಳಲ್ಲಿ ಜ್ಞಾಪಕಶಕ್ತಿಯ ಟಾನಿಕ್ಕುಗಳು ಮುಂದಿನ ಸಾಲಿಗೆ ಬಂದು ನಿಲ್ಲುವುದನ್ನು ತಾವೂ ಕಂಡಿರುತ್ತೀರಿ. ವ್ಯಾಕರಣದ ಪುಸ್ತಕದ ಪಕ್ಕದಲ್ಲಿ ಅಂಥದೊಂದು ಸೀಸೆಯಿರುವುದು ನಮ್ಮಂಥ ಉಪಾಧ್ಯಾಯರಿಗೆ ಹೊಸ ನೋಟವಲ್ಲ. ಮನೆಯ ಹಿರಿಯರಿಗಾದರೋ ಮರೆವಿನ ಭಯ. ಹೀಗೆ ಒಂದೇ ಮನೆಯಲ್ಲಿ ಮೊಮ್ಮಗನಿಗೊಂದು ಸೀಸೆ, ಅಜ್ಜನಿಗೊಂದು ಸೀಸೆ. ಈ ಸೀಸೆಗಳ ಮೇಲೆ ಅಂಟಿಸಿದ ಚೀಟಿಗೂ ಒಂದು ಚರಿತ್ರೆಯಿದೆ.

ಆ ಚರಿತ್ರೆಯಲ್ಲಿ ಮೊದಲು ನೆನೆಯಬೇಕಾದದ್ದು ಅಮೆರಿಕದ ವಾಷಿಂಗ್ಟನ್ ನಗರದ ಒಂದು ಮೊಕದ್ದಮೆ. ರಾಬರ್ಟ್ ಹಾರ್ಪರ್ ಎಂಬ ಔಷಧ ವ್ಯಾಪಾರಿಯು ತಲೆನೋವಿನ ದ್ರವವೊಂದನ್ನು ‘ಕ್ಯುಫರ್‌ಹೆಡೇಕ್ ಬ್ರೇನ್ ಫೂಡ್’ ಎಂಬ ಹೆಸರಿನಿಂದ ಮಾರುತ್ತಿದ್ದನು. ಕನ್ನಡ ಲಿಪಿಯಲ್ಲಿ ಬರೆದಾಗ ಅದರ ಚಮತ್ಕಾರ ಕಾಣುವುದಿಲ್ಲ. ನಮ್ಮ ಲಿಪಿಯಲ್ಲಿ ಉಚ್ಚರಿಸಿದಂತೆ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಆತ ಅಕ್ಷರಗಳನ್ನು ಬೇಕೆಂದೇ ಅಪಭ್ರಂಶ ಮಾಡಿದ್ದನು. ಕಣ್ಣಿಗೆ ಅರ್ಥವಿಲ್ಲದ ಪದ, ಕಿವಿಗೆ ‘ತಲೆನೋವಿಗೆ ಮದ್ದು, ಮೆದುಳಿಗೆ ಆಹಾರ’! ಶ್ಲೇಷೆಯನ್ನು ಕವಿಗಳಷ್ಟೇ ಬಲ್ಲರೆಂದು ತಿಳಿದವರು ಈ ವ್ಯಾಪಾರಿಯನ್ನು ನೋಡಬೇಕಾಗಿತ್ತು.

ಸೀಸೆಯಲ್ಲಿದ್ದದ್ದು ಅಸಿಟನಿಲೈಡ್, ಆಂಟಿಪೈರಿನ್, ಕೆಫೀನ್ ಮತ್ತು ಧಾರಾಳವಾಗಿ ಮದ್ಯಸಾರ. ಅಸಿಟನಿಲೈಡ್ ಜ್ವರವನ್ನೂ ನೋವನ್ನೂ ತಗ್ಗಿಸುವ ವಸ್ತುವೇ ಸರಿ. ಆದರೆ ಮಿತಿ ಮೀರಿದರೆ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿ ಕುಂದಿ, ತುಟಿ ಉಗುರುಗಳು ನೀಲಿಗಟ್ಟುತ್ತವೆ. ಮೆದುಳಿಗೆ ಆಹಾರವಾಗುವಂಥದು ಅದರಲ್ಲಿ ಯಾವುದೂ ಇರಲಿಲ್ಲ. 1906ರಲ್ಲಿ ಆ ದೇಶದಲ್ಲಿ ಶುದ್ಧ ಆಹಾರ ಮತ್ತು ಔಷಧಗಳ ಕಾನೂನು ಬಂದಿತು. ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ಹಾರ್ವೆ ವೈಲಿ ಕೃಷಿ ಇಲಾಖೆಯ ಮುಖ್ಯ ರಸಾಯನಶಾಸ್ತ್ರಜ್ಞ. ಮದ್ಯಸಾರ, ಅಫೀಮು, ಕೊಕೇನ್, ಅಸಿಟನಿಲೈಡ್ ಮೊದಲಾದ ಕೆಲವು ದ್ರವ್ಯಗಳಿದ್ದರೆ ಅವುಗಳ ಪ್ರಮಾಣವನ್ನು ಚೀಟಿಯ ಮೇಲೆ ಹೇಳಲೇಬೇಕೆಂದು ಆ ಕಾನೂನು ವಿಧಿಸಿತು. ಅದರ ಕೆಳಗೆ ನಡೆದ ಮೊದಮೊದಲ ಮೊಕದ್ದಮೆಗಳಲ್ಲಿ ಹಾರ್ಪರನದು ಒಂದು. 1908ರಲ್ಲಿ ಜ್ಯೂರಿಯು ಆತನನ್ನು ತಪ್ಪಿತಸ್ಥನೆಂದಿತು. 700 ಡಾಲರು ದಂಡವಾಯಿತು. ದಂಡ ಕೊಟ್ಟು ಆತ ಮನೆಗೆ ಹೋದನು. ಲಕ್ಷಗಟ್ಟಲೆ ಸಂಪಾದಿಸಿದವನಿಗೆ ಅದು ದಂಡವೋ ಸುಂಕವೋ, ತಾವೇ ಹೇಳಿ.

ಇಷ್ಟಾದರೂ ಕಾನೂನಿನಲ್ಲಿ ಒಂದು ಬಿರುಕು ಉಳಿದಿತ್ತು. 1911ರಲ್ಲಿ ಅರ್ಬುದ ರೋಗದ ಮದ್ದೊಂದನ್ನು ಮಾರುತ್ತಿದ್ದ ಜಾನ್ಸನ್ ಎಂಬಾತನ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಸೀಸೆಯೊಳಗೆ ಏನಿದೆ ಎಂಬ ವಿಷಯದಲ್ಲಿ ಸುಳ್ಳು ಹೇಳಿದರೆ ಈ ಕಾನೂನಿನಂತೆ ತಪ್ಪು. ಅದರಿಂದ ಗುಣವಾಗುತ್ತದೆಂದು ಸುಳ್ಳು ಹೇಳಿದರೆ ಈ ಕಾನೂನು ಅದನ್ನು ಮುಟ್ಟದು ಎಂದು ತೀರ್ಪಿತ್ತಿತು. ವಸ್ತುವಿನ ಮಾತು ಬೇರೆ, ಗುಣದ ಮಾತು ಬೇರೆ. ಈ ಭೇದವನ್ನು ವಾಚಕರು ದಯವಿಟ್ಟು ಮನಸ್ಸಿನಲ್ಲಿಡಬೇಕು. ಮುಂದಿನ ನೂರು ವರ್ಷಗಳ ವ್ಯಾಜ್ಯವೆಲ್ಲ ಇದರ ಸುತ್ತಲೇ ನಡೆದಿದೆ. 1912ರ ತಿದ್ದುಪಡಿಯು ಬಿರುಕನ್ನು ಮುಚ್ಚಲು ನೋಡಿತು; ಮಾರುವವನಿಗೆ ಮೋಸದ ಉದ್ದೇಶವಿತ್ತೆಂದು ಸರ್ಕಾರವೇ ಸಿದ್ಧಪಡಿಸಬೇಕೆಂದುದರಿಂದ ಅದು ಅಷ್ಟಾಗಿ ಫಲಿಸಲಿಲ್ಲ. 1937ರಲ್ಲಿ ಸಲ್ಫನಿಲಮೈಡಿನ ವಿಷಮಿಶ್ರಿತ ಪಾನಕದಿಂದ ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ, 1938ರಲ್ಲಿ ಬಿಗಿಯಾದ ಕಾನೂನು ಬಂದಿತು. 1994ರಲ್ಲಿ ಮತ್ತೆ ಸಡಿಲ: ‘ಆಹಾರ ಪೂರಕ’ವೆಂದು ಕರೆದುಕೊಂಡರೆ ಮಾರುವ ಮೊದಲು ಗುಣವನ್ನು ಸಿದ್ಧಪಡಿಸಬೇಕಾದ್ದಿಲ್ಲ, ರೋಗದ ಹೆಸರೆತ್ತದೆ ‘ಜ್ಞಾಪಕಶಕ್ತಿಗೆ ಬೆಂಬಲ’ ಎನ್ನಬಹುದು, ಈ ಮಾತನ್ನು ಸರ್ಕಾರ ಪರಿಶೀಲಿಸಿಲ್ಲವೆಂದು ಅಡಿಯಲ್ಲಿ ಒಂದು ಸಾಲು ಹಾಕಿದರಾಯಿತು.

ಆ ಸಡಿಲದಲ್ಲಿ ಬೆಳೆದದ್ದು ‘ಪ್ರೆವಾಜೆನ್’. ಲೋಳೆಮೀನು ಎಂಬ ಕಡಲ ಜೀವಿಯಲ್ಲಿ ಮೊದಲು ಕಂಡುಬಂದ ಒಂದು ಪ್ರೋಟೀನು ಇದರ ಸಾರ. ನುಂಗಿದ ಪ್ರೋಟೀನು ಬೇಳೆಯ ಪ್ರೋಟೀನಿನಂತೆಯೇ ಜಠರದಲ್ಲಿ ಜೀರ್ಣವಾಗುತ್ತದೆ, ಮೆದುಳನ್ನು ಸೇರುವುದೆಲ್ಲಿಂದ ಎಂಬುದು ಆಕ್ಷೇಪಣೆ. 218 ಜನರ ಮೇಲೆ ಮಾರಾಟಗಾರರೇ ನಡೆಸಿದ ಪರೀಕ್ಷೆಯಲ್ಲಿ ಒಟ್ಟು ಗುಂಪಿಗೆ ಹುಸಿಗುಳಿಗೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಬಳಿಕ ಚಿಕ್ಕ ಗುಂಪುಗಳನ್ನು ಆರಿಸಿ ಅಲ್ಲಿ ಗುಣವುಂಟೆಂದು ಹೇಳಿದರು. 2017ರಲ್ಲಿ ಅಮೆರಿಕದ ವ್ಯಾಪಾರ ಆಯೋಗವೂ ನ್ಯೂಯಾರ್ಕ್ ರಾಜ್ಯವೂ ದಾವೆ ಹೂಡಿದವು. ಏಳು ವರ್ಷಗಳ ಮೇಲೆ, 2024ರ ಡಿಸೆಂಬರಿನಲ್ಲಿ, ಜ್ಞಾಪಕಶಕ್ತಿ ವೃದ್ಧಿಸುತ್ತದೆಂದು ಇನ್ನು ಸಾರಕೂಡದೆಂದು ನ್ಯಾಯಾಲಯದ ಆಜ್ಞೆಯಾಯಿತು. ಇದು ಗುಣದ ಸುಳ್ಳು. ವಸ್ತುವಿನ ಸುಳ್ಳೂ ನಿಂತಿಲ್ಲ: 2020ರಲ್ಲಿ ಪ್ರಕಟವಾದ ಒಂದು ಶೋಧನೆಯಲ್ಲಿ ಬುದ್ಧಿವರ್ಧಕವೆಂದು ಮಾರುವ ಹತ್ತು ಪದಾರ್ಥಗಳನ್ನು ಪರೀಕ್ಷಿಸಿದಾಗ, ಆ ದೇಶದಲ್ಲಿ ಅನುಮತಿಯೇ ಇಲ್ಲದ ಐದು ಔಷಧಗಳು ಸಿಕ್ಕವು.

ನಮ್ಮ ದೇಶಕ್ಕೆ ಬರೋಣ. 1954ರಲ್ಲಿ ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ ಕಾನೂನು ಬಂದಿತು. ಗುಣಪಡಿಸುವೆವೆಂದು ಜಾಹೀರು ಮಾಡಕೂಡದ ರೋಗಗಳ ಪಟ್ಟಿಯಲ್ಲಿ ಮೆದುಳಿನ ರೋಗಗಳೂ ಸೇರಿವೆ. ಇದು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಔಷಧ ತಯಾರಕರು ವಾದಿಸಿದಾಗ, 1959ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ಒಪ್ಪಲಿಲ್ಲ; ಕಾನೂನಿನ ಒಂದೆರಡು ಅಂಶಗಳನ್ನು ಮಾತ್ರ ತೆಗೆದುಹಾಕಿತು. 1964ರಲ್ಲಿ ಆಯುರ್ವೇದ ಮತ್ತು ಯುನಾನಿ ಔಷಧಗಳ ತಯಾರಿಕೆ 1940ರ ಔಷಧ ಕಾನೂನಿನೊಳಕ್ಕೆ ಬಂದಿತು.

ಇಲ್ಲಿ ನನ್ನಂಥ ಪಂಡಿತನಿಗೆ ಒಂದು ತೊಡಕು ಕಾಣುತ್ತದೆ. ಚೀಟಿಯ ಮೇಲೆ ‘ಬ್ರಾಹ್ಮಿ’ ಎಂದಿದೆ, ಯಾವ ಬ್ರಾಹ್ಮಿ? ಮಲೆನಾಡಿನಲ್ಲಿ ಬ್ರಾಹ್ಮಿಯೆಂದರೆ ನಾವು ತಂಬುಳಿ ಮಾಡುವ ಒಂದೆಲಗ, ತುಳುವರ ತಿಮರೆ. ಸರ್ಕಾರದ ಆಯುರ್ವೇದ ಫಾರ್ಮಕೋಪಿಯಾದಲ್ಲಾದರೋ ಬ್ರಾಹ್ಮಿಯೆಂದರೆ ಚಿಕ್ಕ ದಪ್ಪ ಎಲೆಗಳ ನೀರುಬ್ರಾಹ್ಮಿ. ಒಂದೆಲಗಕ್ಕೆ ಅಲ್ಲಿ ಮಂಡೂಕಪರ್ಣಿಯೆಂದು ಹೆಸರು. ಎರಡೂ ಬೇರೆ ಬೇರೆ ಕುಲದ ಗಿಡಗಳು, ಅವುಗಳ ಸಾರವೂ ಬೇರೆ. ಅಮರಕೋಶವನ್ನು ತೆರೆದರೆ ಮಂಡೂಕಪರ್ಣಿಯೆಂಬುದು ಮಂಜಿಷ್ಠದ ಪರ್ಯಾಯ ನಾಮಗಳ ನಡುವೆ ಕುಳಿತಿದೆ! ಚರಕನು ಹೇಳಿದ ನಾಲ್ಕು ಮೇಧ್ಯ ರಸಾಯನಗಳಲ್ಲಿ ಒಂದಾದ ಶಂಖಪುಷ್ಪಿಯ ಪಾಡೂ ಇದೇ. ಒಂದು ಪ್ರಾಂತದಲ್ಲಿ ವಿಷ್ಣುಕ್ರಾಂತಿ, ಇನ್ನೊಂದರಲ್ಲಿ ನೀಲಿ ಹೂವಿನ ಬಳ್ಳಿ, ಮತ್ತೊಂದರಲ್ಲಿ ಬೇರೊಂದು ಗಿಡ. ಕಾವ್ಯದಲ್ಲಿ ನಾನಾರ್ಥ ಸೊಗಸು. ಸೀಸೆಯ ಮೇಲೆ ಅದು ಅಪಾಯ. ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರನ್ನೂ, ಬೇರೋ ಎಲೆಯೋ ಎಂಬುದನ್ನೂ ಮುದ್ರಿಸಿದ ಚೀಟಿಯನ್ನೇ ನಾನು ನಂಬುವೆನು.

ಗಿಡ ಸರಿಯಾಗಿದ್ದರೂ ಒಳಗೆ ಮತ್ತೇನಿದೆ? 2004ರಲ್ಲಿ ಅಮೆರಿಕದ ಬಾಸ್ಟನ್ ನಗರದ ಸುತ್ತಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಪದಾರ್ಥಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣದ ಅಂಶ ಕಂಡುಬಂದಿತು. ಸೀಸವು ಮಕ್ಕಳ ಮೆದುಳಿಗೇ ಶತ್ರು. ಮರು ವರ್ಷ ನಮ್ಮ ಸರ್ಕಾರವು, ಹೊರದೇಶಕ್ಕೆ ಕಳುಹಿಸುವ ಶುದ್ಧ ಗಿಡಮೂಲಿಕೆಯ ಔಷಧಗಳಲ್ಲಿ ಭಾರಲೋಹಗಳ ಪರೀಕ್ಷೆ 2006ರ ಜನವರಿಯಿಂದ ಕಡ್ಡಾಯವೆಂದು ಆಜ್ಞೆ ಮಾಡಿತು. ಹೊರಗಿನವರಿಗೆ ಮೊದಲು, ಒಳಗಿನವರಿಗೆ ಆಮೇಲೆ ಎಂಬ ಈ ಕ್ರಮ ನನಗೆ ಸೊಗಸಲಿಲ್ಲ.

ಹಿರಿಯರ ವಿಷಯದಲ್ಲಿ ಇನ್ನೊಂದು ಮಾತು. ಗಿಂಕ್ಗೊ ಎಂಬ ಮರದ ಎಲೆಯ ಸಾರ ಮರೆವಿಗೆ ಮದ್ದೆಂದು ಹೆಸರಾಗಿದೆ. 3,069 ವೃದ್ಧರಿಗೆ ವರ್ಷಗಟ್ಟಲೆ ಕೊಟ್ಟು ನೋಡಿದ ಪರೀಕ್ಷೆಯ ಫಲ 2008ರಲ್ಲಿ ಹೊರಬಂದಿತು: ಅದು ಮರೆಗುಳಿ ರೋಗವನ್ನು ತಡೆಯಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ಇದನ್ನೂ ಸೇರಿಸಿಕೊಂಡರೆ ರಕ್ತಸ್ರಾವದ ಅಪಾಯ ಹೆಚ್ಚಬಹುದೆಂದು ವೈದ್ಯರು ಎಚ್ಚರಿಸುತ್ತಾರೆ. ಅಜ್ಜನವರು ಡಾಕ್ಟರರ ಮುಂದೆ ಟಾನಿಕ್ಕಿನ ಹೆಸರನ್ನೂ ಹೇಳಬೇಕಾದದ್ದು ಇದಕ್ಕಾಗಿ.

2006ರ ಆಹಾರ ಸುರಕ್ಷತಾ ಕಾನೂನಿನ ಕೆಳಗೆ 2016ರಲ್ಲಿ ಆರೋಗ್ಯ ಪೂರಕಗಳ ನಿಯಮಗಳಾದವು. ಕಟ್ಟಿನ ಮೇಲೆ ‘ಔಷಧವಾಗಿ ಬಳಸುವುದಕ್ಕಲ್ಲ’ ಎಂದಿರಬೇಕು; ದಿನದ ಪ್ರಮಾಣವನ್ನು ಮೀರಬಾರದೆಂದೂ, ಮಕ್ಕಳ ಕೈಗೆ ಸಿಗದಂತೆ ಇಡಬೇಕೆಂದೂ ಇರಬೇಕು; ರೋಗ ವಾಸಿಯಾಗುತ್ತದೆ ಎನ್ನಕೂಡದು. ಹೀಗಾಗಿ ಅದೇ ನೀರುಬ್ರಾಹ್ಮಿ ಒಂದು ಸೀಸೆಯಲ್ಲಿ ಆಯುರ್ವೇದ ಔಷಧ, ಪಕ್ಕದ ಡಬ್ಬಿಯಲ್ಲಿ ಔಷಧವಲ್ಲದ ಆಹಾರ. ಅಂಗಡಿಯಲ್ಲಿ ಅವೆರಡೂ ಒಂದೇ ಹಲಗೆಯ ಮೇಲಿರುತ್ತವೆ. ಯಾವ ಕಾನೂನಿನ ಮಗುವೆಂಬುದು ಸಣ್ಣಕ್ಷರವನ್ನು ಓದಿದವರಿಗಷ್ಟೇ ತಿಳಿಯುತ್ತದೆ.

ಆ ಸಣ್ಣಕ್ಷರ ಯಾವ ಭಾಷೆಯಲ್ಲಿದೆ? ಆಯುರ್ವೇದದಲ್ಲಿ ವಿಷದ್ರವ್ಯ ಸೇರಿದ ಔಷಧಕ್ಕೆ ‘ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಿ’ ಎಂಬ ಎಚ್ಚರಿಕೆ ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಇರಬೇಕೆಂದು ವಿಧಿಯಿದೆ. ಆಹಾರದ ಕಟ್ಟುಗಳಿಗೆ ಇಂಗ್ಲಿಷು ಅಥವಾ ದೇವನಾಗರಿಯ ಹಿಂದಿ ಸಾಕು. ಅದರ ಜತೆಗೆ ಕನ್ನಡವನ್ನೂ ಮುದ್ರಿಸಲು ಅಡ್ಡಿಯಿಲ್ಲ. ಮುದ್ರಿಸಲೇಬೇಕೆಂದು ಆ ಆಹಾರ ನಿಯಮಗಳು ಹೇಳುವುದೂ ಇಲ್ಲ.